ಬೀಗ ಹಾಕಿದ ಮನೆಗೆ ಮೂವತ್ತು ದಿನ



ನಿಮ್ಮ ಕಪಾಟಿನಲ್ಲಿ ಒಂದು ದೊಡ್ಡ ಬೀಗದಕೈ ಇದ್ದೇ ಇರುತ್ತದೆ. ಈಗ ನೀವಿರುವ ಫ್ಲ್ಯಾಟಿನದಲ್ಲ, ಊರಿನ ಮನೆಯದು. ಅಪ್ಪ ಅಮ್ಮ ಹೋದ ಮೇಲೆ, ಇಲ್ಲವೇ ಅವರನ್ನು ನೀವೇ ಮುಂಬಯಿಗೋ ಪುಣೆಗೋ ಕರೆತಂದ ಮೇಲೆ, ಆ ಮನೆಗೆ ಬೀಗ ಬಿದ್ದಿದೆ. ಬೇಸಿಗೆ ರಜೆಯಲ್ಲಿ ಒಮ್ಮೆ, ಹೆಚ್ಚೆಂದರೆ ದೀಪಾವಳಿಗೆ ಇನ್ನೊಮ್ಮೆ ಬಾಗಿಲು ತೆರೆಯುತ್ತದೆ. ಉಳಿದ ತಿಂಗಳುಗಳಲ್ಲಿ ಪಕ್ಕದ ಮನೆಯವರು ಅಂಗಳ ಗುಡಿಸಿ, ಸಂಜೆ ತುಳಸಿಕಟ್ಟೆಗೆ ದೀಪ ಇಟ್ಟರೆ ಅದೇ ದೊಡ್ಡದು. ವಿಮೆ ಕಂಪನಿಯ ಲೆಕ್ಕದಲ್ಲಿ ಅದು ನಿಮ್ಮ ಎರಡನೆಯ ಮನೆ. "ಮನೆಗೆ ಯಾವಾಗ ಹೋಗ್ತೀರಿ?" ಎಂದು ಯಾರಾದರೂ ಕೇಳಿದರೆ ನಮಗೆ ನೆನಪಾಗುವುದು ಮಾತ್ರ ಅದೇ ಮನೆ.

ಈ ಸಂಚಿಕೆಯಲ್ಲಿ ಆ ಬೀಗದ ಚರಿತ್ರೆಯನ್ನೇ ಸ್ವಲ್ಪ ಹೇಳೋಣ ಅನ್ನಿಸಿತು. ಅದಕ್ಕೆ ಕಾರಣ ನಮ್ಮ ಚಿಕ್ಕಪ್ಪ.

ಚಿಕ್ಕಪ್ಪ ಡೊಂಬಿವಲಿಯಲ್ಲಿ ಇರುವವರು. ಊರು ತೀರ್ಥಹಳ್ಳಿಯ ಹತ್ತಿರ. ಹೆಂಚಿನ ಮನೆ, ಮುಂದೆ ಜಗಲಿ, ಹಿಂದೆ ಕೊಟ್ಟಿಗೆ. ದನಗಳಿಲ್ಲದ ಕೊಟ್ಟಿಗೆ ಎನ್ನಿ. 2003ರ ಮಳೆಗಾಲದಲ್ಲಿ ಒಂದು ರಾತ್ರಿ ಗಾಳಿ ಎದ್ದು, ಹಿತ್ತಲಿನ ಹಳೆಯ ಮಾವಿನ ಮರ ಅಡುಗೆಮನೆಯ ಮಾಡಿನ ಮೇಲೆ ಮಲಗಿತು. ತೊಲೆ ಮುರಿಯಿತು, ಪಕಾಸಿ ರೀಪುಗಳೆಲ್ಲ ಒಳಗೆ ಬಿದ್ದವು, ಮೂರು ದಿನದ ಮಳೆ ನೇರವಾಗಿ ಮನೆಯೊಳಗೇ ಸುರಿಯಿತು. ಪಕ್ಕದ ಮನೆಯವರಿಗೆ ಫೋನು ಸಿಕ್ಕಿದ್ದೇ ಮೂರು ದಿನದ ನಂತರ. ಚಿಕ್ಕಪ್ಪ ಮಾತ್ರ ಹೆಚ್ಚು ಗಾಬರಿಯಾಗಲಿಲ್ಲ. "ನಾನು ಇನ್ಶೂರೆನ್ಸ್ ಮಾಡಿಸಿದ್ದೇನಲ್ಲ" ಎಂದರು. ಐದು ವರ್ಷದಿಂದ ತಪ್ಪದೆ ಪ್ರೀಮಿಯಂ ಕಟ್ಟಿದ ಮನುಷ್ಯ.

ಸರ್ವೇಯರ್ ಬಂದರು. ಒಳ್ಳೆಯ ಮನುಷ್ಯರೇ. ಅಳತೆ ಮಾಡಿ, ಫೋಟೋ ತೆಗೆದು, ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ಒಂದು ಪ್ರಶ್ನೆ ಕೇಳಿದರು: "ಮರ ಬಿದ್ದಾಗ ಮನೆಯಲ್ಲಿ ಯಾರಿದ್ದರು?" ಚಿಕ್ಕಪ್ಪ ಸತ್ಯವನ್ನೇ ಹೇಳಿದರು. ಯಾರೂ ಇರಲಿಲ್ಲ, ಮೇ ತಿಂಗಳ ಮೊದಲ ವಾರ ಬೀಗ ಹಾಕಿ ಹೋದದ್ದು. ಒಂದೂವರೆ ತಿಂಗಳಾದ ಮೇಲೆ ಕಂಪನಿಯಿಂದ ಒಂದು ಪುಟದ ಕಾಗದ ಬಂತು. ಪಾಲಿಸಿಯ ಹಿಂಬದಿಯ ಷರತ್ತಿನ ಪ್ರಕಾರ, ವಿಮೆ ಮಾಡಿಸಿದ ಕಟ್ಟಡದಲ್ಲಿ ಮೂವತ್ತು ದಿನಕ್ಕಿಂತ ಹೆಚ್ಚು ಕಾಲ ಯಾರೂ ವಾಸವಿಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ, ಆದ್ದರಿಂದ ಹಣ ಕೊಡಲಾಗದು ಎಂದಿತ್ತು.

ಚಿಕ್ಕಪ್ಪನ ಸಿಟ್ಟು ನ್ಯಾಯವಾದದ್ದೇ. "ನಾನು ಮನೆಯಲ್ಲಿ ಇದ್ದಿದ್ದರೆ ಮರ ಬೀಳುತ್ತಿರಲಿಲ್ಲವೇ?" ಎಂದು ಅವರು ಕೇಳಿದ ಮಾತಿಗೆ ನಮ್ಮಲ್ಲಿ ಯಾರಲ್ಲೂ ಉತ್ತರ ಇರಲಿಲ್ಲ. ಈ ಮೂವತ್ತು ದಿನ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೊರಟರೆ ದಾರಿ ಬಹಳ ದೂರ ಹೋಗುತ್ತದೆ, ಲಂಡನ್ನಿನವರೆಗೆ.

1666ರ ಸೆಪ್ಟೆಂಬರಿನಲ್ಲಿ ಲಂಡನ್ ನಗರಕ್ಕೆ ಬೆಂಕಿ ಬಿದ್ದ ಕಥೆ ನೀವು ಶಾಲೆಯಲ್ಲಿ ಓದಿರುತ್ತೀರಿ. ನಾಲ್ಕು ದಿನದಲ್ಲಿ ಸುಮಾರು 13,200 ಮನೆಗಳು, 87 ಚರ್ಚುಗಳು ಸುಟ್ಟುಹೋದವು. ಮರದ ಮನೆಗಳು, ಒಂದಕ್ಕೊಂದು ಅಂಟಿಕೊಂಡ ಓಣಿಗಳು. ಆಮೇಲೆ ಮನೆಗಳನ್ನು ಇಟ್ಟಿಗೆಯಲ್ಲೋ ಕಲ್ಲಿನಲ್ಲೋ ಕಟ್ಟಬೇಕೆಂದು ಕಾನೂನಾಯಿತು. ಹಾಗೆ ಊರು ಮತ್ತೆ ಏಳುತ್ತಿದ್ದಾಗ ಮನೆ ಕಟ್ಟಿಸಿ ಮಾರುವ ಕಸುಬಿಗೆ ಇಳಿದ ನಿಕೊಲಾಸ್ ಬಾರ್ಬನ್ ಎಂಬಾತ, ಓದಿದ್ದು ವೈದ್ಯಕೀಯವಾದರೂ, 1680ರ ಸುಮಾರಿಗೆ ಮನೆಗಳಿಗೆ ಬೆಂಕಿ ವಿಮೆ ಮಾಡುವ ಕಚೇರಿ ತೆರೆದ. ಅವನ ದರ ಬಲು ಸರಳ. ಇಟ್ಟಿಗೆ ಮನೆಯಾದರೆ ವರ್ಷದ ಬಾಡಿಗೆಯ ನೂರಕ್ಕೆ ಎರಡೂವರೆ, ಮರದ ಮನೆಯಾದರೆ ನೂರಕ್ಕೆ ಐದು. ಮನೆಯೊಳಗೆ ಯಾರಿದ್ದಾರೆ, ಇದ್ದಾರೋ ಇಲ್ಲವೋ ಎಂಬುದು ಆ ದರದಲ್ಲಿ ಇರಲಿಲ್ಲ. ಅವನು ನೋಡಿದ್ದು ಗೋಡೆಯನ್ನು.

ಈ ಲೆಕ್ಕ ನಮಗೆ ಹೊಸದೇನಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯುವವರೆಗೆ ಕರಾವಳಿಯಲ್ಲೂ ಮಲೆನಾಡಿನಲ್ಲೂ ಸಾಮಾನ್ಯರ ಮನೆ ಎಂದರೆ ಮುಳಿಹುಲ್ಲಿನದು, ಇಲ್ಲವೇ ಸೋಗೆಯದು. ಬೇಸಿಗೆಯಲ್ಲಿ ಒಂದು ಕಿಡಿ ಹಾರಿದರೆ ಇಡೀ ಕೇರಿಯೇ ಹೋಗುತ್ತಿತ್ತು. ಹೆಂಚು ಬಂದ ಮೇಲೆ ಆ ಭಯ ಕಡಿಮೆಯಾಯಿತು. ನಮ್ಮ ದೇಶದ ಬೆಂಕಿ ವಿಮೆಯ ದರಪಟ್ಟಿಯಲ್ಲೂ ಹುಲ್ಲು, ಗರಿ, ಬಿದಿರು, ಹಲಗೆಗಳ ಗೋಡೆ ಅಥವಾ ಮಾಡು ಇದ್ದ ಕಟ್ಟಡವನ್ನು 'ಕಚ್ಚಾ' ಎಂದು ಪ್ರತ್ಯೇಕಿಸಿ ಹೆಚ್ಚು ದರ ಹಾಕುತ್ತಿದ್ದರು. ಬಾರ್ಬನ್ನನ ಎರಡೂವರೆ ಮತ್ತು ಐದರ ಲೆಕ್ಕ ಮುನ್ನೂರು ವರ್ಷ ದಾಟಿ ತೀರ್ಥಹಳ್ಳಿಗೆ ಬಂದದ್ದು ಹೀಗೆ.

ಲಂಡನ್ನಿನಲ್ಲಿ ಒಂದರ ಹಿಂದೊಂದು ಕಂಪನಿ ಹುಟ್ಟಿದವು. 1696ರಲ್ಲಿ ಹ್ಯಾಂಡ್ ಇನ್ ಹ್ಯಾಂಡ್, 1710ರಲ್ಲಿ ಸನ್ ಫೈರ್ ಆಫೀಸ್. ವಿಮೆ ಮಾಡಿಸಿದ ಮನೆಯ ಮುಂಗೋಡೆಗೆ ಆಯಾ ಕಂಪನಿಯ ಲೋಹದ ಬಿಲ್ಲೆ ಹೊಡೆಯುತ್ತಿದ್ದರು. ಕೈಕುಲುಕುವ ಕೈಗಳು ಒಂದರದ್ದು, ಸೂರ್ಯನ ಮುಖ ಇನ್ನೊಂದರದ್ದು. ಬೆಂಕಿ ಆರಿಸಲು ಕಂಪನಿಗಳು ತಮ್ಮದೇ ಆಳುಗಳನ್ನು ಇಟ್ಟುಕೊಂಡಿದ್ದವು. ಬಿಲ್ಲೆ ಇಲ್ಲದ ಮನೆ ಉರಿಯುತ್ತಿದ್ದರೆ ಆ ಆಳುಗಳು ಕೈಕಟ್ಟಿ ನಿಂತು ನೋಡುತ್ತಿದ್ದರು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ರುಚಿಯಾದ ಕಥೆಯೇ ಹೌದು, ಆದರೆ ಅದಕ್ಕೆ ಪುರಾವೆ ತೀರ ಕಡಿಮೆ. ಪಕ್ಕದ ಮನೆ ಉರಿದರೆ ತಮ್ಮ ಬಿಲ್ಲೆಯ ಮನೆಗೂ ಬೆಂಕಿ ಹತ್ತುತ್ತದೆ ಎಂಬಷ್ಟು ಬುದ್ಧಿ ಅವರಿಗೂ ಇತ್ತು.

ಮರದ ವಿಚಾರ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಸೇರಿ ಒಂದು ಬೆಂಕಿ ವಿಮೆಯ ಸಂಘ ಕಟ್ಟಿದರು. ಮನೆಯ ಮುಂದೆ ಮರ ಇದ್ದರೆ ಬೆಂಕಿ ಆರಿಸಲು ಅಡ್ಡಿ ಎಂದು, 1781ರಲ್ಲಿ ಆ ಸಂಘ ಮರವಿರುವ ಮನೆಗಳಿಗೆ ವಿಮೆ ಇಲ್ಲ ಎಂದಿತು. ಊರಿನವರಿಗೆ ನೆರಳೂ ಬೇಕು, ವಿಮೆಯೂ ಬೇಕು. 1784ರಲ್ಲಿ ಬೇರೆ ಕೆಲವರು ಹೊಸ ಕಂಪನಿ ತೆರೆದು, ಮರವಿದ್ದರೂ ವಿಮೆ ಕೊಡುತ್ತೇವೆ ಎಂದು ಹಸಿರು ಮರದ ಗುರುತನ್ನೇ ಬಿಲ್ಲೆಗೆ ಹಾಕಿಕೊಂಡರು. ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ.

ಇಷ್ಟರವರೆಗೆ ಕಂಪನಿಗಳು ನೋಡಿದ್ದು ಗೋಡೆ, ಮಾಡು, ಮರ. ಮನುಷ್ಯನನ್ನು ನೋಡಲು ಶುರುಮಾಡಿದ್ದು ಆಮೇಲೆ. ಸಾವಿರ ಬಾಳುವ ಮನೆಗೆ ಎರಡು ಸಾವಿರದ ವಿಮೆ ಇದ್ದರೆ ಬೆಂಕಿ ತಾನಾಗಿಯೇ ಬೀಳುತ್ತದೆ ಎಂಬ ಅನುಭವ ಅವರಿಗೆ ಬೇಗ ಬಂತು. 1774ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಎರಡು ಕಾನೂನು ಮಾಡಿತು. ಒಂದರಲ್ಲಿ, ಯಾವುದರಲ್ಲಿ ನಿನಗೆ ಸ್ವಂತ ಹಿತಾಸಕ್ತಿ ಇಲ್ಲವೋ ಅದರ ಮೇಲೆ ನೀನು ವಿಮೆ ಮಾಡಿಸುವಂತಿಲ್ಲ, ಅದು ಜೂಜು ಎಂದಿತು. ಇನ್ನೊಂದರಲ್ಲಿ, ಮಾಲೀಕನೇ ಬೆಂಕಿ ಇಟ್ಟಿದ್ದಾನೆ ಎಂಬ ಅನುಮಾನ ಬಂದರೆ ಅವನ ಕೈಗೆ ನಗದು ಕೊಡದೆ, ಆ ಹಣವನ್ನು ಮನೆ ಮತ್ತೆ ಕಟ್ಟಿಸುವುದಕ್ಕೇ ಖರ್ಚು ಮಾಡಬಹುದು ಎಂದಿತು. ದುಡ್ಡಿನ ಬದಲು ಮನೆಯನ್ನೇ ಕಟ್ಟಿಕೊಡುವ ಆಯ್ಕೆ ಕಂಪನಿಗೆ ಉಂಟು ಎಂಬ ಷರತ್ತು ನಮ್ಮ ಬೆಂಕಿ ಪಾಲಿಸಿಗಳಲ್ಲೂ ಬಂದದ್ದು ಈ ಅನುಮಾನದ ಸಂತತಿಯಾಗಿಯೇ.

ಅನುಮಾನ ಒಮ್ಮೆ ಹೊಕ್ಕ ಮೇಲೆ ಕಣ್ಣು ಮೊದಲು ಬೀಳುವುದು ಯಾರೂ ಇಲ್ಲದ ಮನೆಯ ಮೇಲೆ. ಕಂಪನಿಯವರ ತರ್ಕವನ್ನು ನಾವೂ ನ್ಯಾಯವಾಗಿ ಕೇಳಬೇಕು. ಜನರಿರುವ ಮನೆಯಲ್ಲಿ ಕಿಡಿ ಬಿದ್ದರೆ ಒಂದು ಕೊಡ ನೀರಿನಲ್ಲಿ ಆರುತ್ತದೆ. ಬೀಗ ಹಾಕಿದ ಮನೆಯಲ್ಲಿ ಅದೇ ಕಿಡಿ ಮಾಡಿಗೆ ಹತ್ತಿ, ಹೊಗೆ ಹೊರಗೆ ಕಂಡ ಮೇಲೆಯೇ ಊರಿಗೆ ಗೊತ್ತಾಗುವುದು. ಒಂದು ಹೆಂಚು ಸರಿದರೆ ಮನೆಯಲ್ಲಿರುವವರು ಅಂದೇ ಸರಿಮಾಡುತ್ತಾರೆ, ಇಲ್ಲದವರು ಮುಂದಿನ ಬೇಸಿಗೆಗೆ ಬಂದು ಕೊಳೆತ ತೊಲೆ ನೋಡುತ್ತಾರೆ. ಬೀದಿಯಲ್ಲಿ ಅಲೆಯುವವರು ಒಳಹೊಕ್ಕು ಒಲೆ ಹಚ್ಚಬಹುದು. ಇವೆಲ್ಲಕ್ಕಿಂತ ಮುಖ್ಯವಾಗಿ, ಮಾಲೀಕನಿಗೇ ಬೇಡವಾದ ಮನೆ ಇದ್ದರೂ ಒಂದೇ, ಹೋದರೂ ಒಂದೇ. ಹೋದರೆ ಇನ್ನೂ ಒಳ್ಳೆಯದು!

ನೋಡಿ, ಚಿಕ್ಕಪ್ಪನಂಥವರು ಸಿಕ್ಕಿಬಿದ್ದದ್ದು ಈ ಕೊನೆಯ ಮಾತಿನಲ್ಲಿ. ಬೇಡವಾಗಿ ಬಿಟ್ಟ ಮನೆ ಬೇರೆ, ಬೇಕೆಂದೇ ಬೀಗ ಹಾಕಿ ಕಾಯುವ ಮನೆ ಬೇರೆ. ನಮ್ಮ ಭಾಷೆಯಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತಿದೆ. ಪಾಳು ಮನೆ ಎಂದರೆ ಒಂದು, ಬೀಗ ಹಾಕಿದ ಮನೆ ಎಂದರೆ ಇನ್ನೊಂದು. ಷರತ್ತಿಗೆ ಮಾತ್ರ ಆ ವ್ಯತ್ಯಾಸ ಸುಲಭಕ್ಕೆ ಹೊಳೆಯಲಿಲ್ಲ.

ಈ ಜಗಳ ಜೋರಾಗಿ ನಡೆದದ್ದು ಅಮೆರಿಕದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ರೈಲು ಹಬ್ಬಿ, ನ್ಯೂಯಾರ್ಕ್ ಬೋಸ್ಟನ್ನುಗಳ ಅನುಕೂಲಸ್ಥರು ಸಮುದ್ರತೀರದಲ್ಲೂ ಬೆಟ್ಟಗಳಲ್ಲೂ ಬೇಸಿಗೆಮನೆ ಕಟ್ಟಿಕೊಂಡರು. ಬೇಸಿಗೆಯಲ್ಲಿ ಸಂಸಾರ ಸಮೇತ ಹೋಗಿ ಇರುವುದು, ಚಳಿಗಾಲದಲ್ಲಿ ಬೀಗ ಹಾಕುವುದು. ಮನೆಗಳೆಲ್ಲ ಹೆಚ್ಚಾಗಿ ಮರದವು. ಒಂದೊಂದು ಕಂಪನಿ ಒಂದೊಂದು ಬಗೆಯ ಪಾಲಿಸಿ ಬರೆದು, ಸಣ್ಣ ಅಕ್ಷರದಲ್ಲಿ ಷರತ್ತು ತುಂಬಿ ಜನರನ್ನು ಸುಸ್ತುಮಾಡಿದ್ದರಿಂದ ಸರ್ಕಾರಗಳೇ ಮಾದರಿ ಪಾಲಿಸಿ ಮಾಡಲು ಮುಂದಾದವು. ಮ್ಯಾಸಚೂಸೆಟ್ಸ್ ರಾಜ್ಯ 1873ರಲ್ಲಿ ಮಾಡಿದ ಮಾದರಿಯ ದಾರಿಯಲ್ಲಿ, ಮನೆ ಮೂವತ್ತು ದಿನಕ್ಕಿಂತ ಹೆಚ್ಚು ಖಾಲಿ ಬಿದ್ದರೆ ಕಂಪನಿಯ ಒಪ್ಪಿಗೆ ಬೇಕಾಯಿತು. ನ್ಯೂಯಾರ್ಕಿನವರು ಇನ್ನೂ ಬಿಗಿ. 1886ರ ಕಾನೂನಿನಿಂದ ಬಂದ ಅವರ ಮಾದರಿ ಪಾಲಿಸಿಯಲ್ಲಿ ಬರೀ ಹತ್ತು ದಿನ! ಹತ್ತು ದಿನ ಯಾರೂ ಇಲ್ಲದಿದ್ದರೆ, ಮೊದಲೇ ಬರೆಸಿಕೊಂಡಿಲ್ಲದಿದ್ದರೆ, ಪಾಲಿಸಿ ಅಮಾನ್ಯ. ಆ ಹತ್ತು 1943ರ ಹೊಸ ಮಾದರಿಯಲ್ಲಿ ಅರವತ್ತು ಆಗುವ ಹೊತ್ತಿಗೆ ಎರಡು ತಲೆಮಾರು ಕಳೆದಿತ್ತು.

ಈ ನಡುವೆ ಅಲ್ಲಿನ ಕೋರ್ಟುಗಳಿಗೆ ಹೋದ ಮೊಕದ್ದಮೆಗಳಿಗೆ ಲೆಕ್ಕವಿಲ್ಲ. ಮನೆಯಲ್ಲಿ ಮನುಷ್ಯರಿಲ್ಲ, ಆದರೆ ಮಂಚ, ಪಾತ್ರೆ, ಬಟ್ಟೆ ಎಲ್ಲ ಇದೆ, ಇದು ಖಾಲಿಯೇ? ಅಲ್ಲ, ಸಾಮಾನೂ ಇಲ್ಲ ಮನುಷ್ಯರೂ ಇಲ್ಲ ಎಂದರೆ ಖಾಲಿ, ಸಾಮಾನು ಇದ್ದು ವಾಸವಿಲ್ಲದಿದ್ದರೆ ಅದು 'ವಾಸವಿಲ್ಲದ್ದು' ಎಂದು ನ್ಯಾಯಾಧೀಶರು ಗೆರೆ ಎಳೆದರು. ಕಂಪನಿಗಳು ಜಾಣರು, ಪಾಲಿಸಿಯಲ್ಲಿ ಎರಡೂ ಪದ ಹಾಕಿದವು. ಬೇಸಿಗೆಮನೆಯವರು ಕಂಡುಕೊಂಡ ದಾರಿ ಒಂದೇ. ಈ ಮನೆ ಇಂತಿಷ್ಟು ತಿಂಗಳು ಮುಚ್ಚಿರುತ್ತದೆ ಎಂದು ಮೊದಲೇ ತಿಳಿಸಿ, ಒಪ್ಪಿಗೆಯ ಒಂದು ಸಾಲನ್ನು ಪಾಲಿಸಿಗೆ ಅಂಟಿಸಿಕೊಳ್ಳುವುದು.

ಇನ್ನು ನಮ್ಮ ದೇಶಕ್ಕೆ ಬರೋಣ. 1850ರಲ್ಲಿ ಕಲ್ಕತ್ತದಲ್ಲಿ ಟ್ರೈಟನ್ ಎಂಬ ಬ್ರಿಟಿಷರ ಕಂಪನಿ ತೆರೆದುಕೊಂಡದ್ದು ಇಲ್ಲಿನ ಸಾಮಾನ್ಯ ವಿಮೆಯ ಆರಂಭ ಎನ್ನುತ್ತಾರೆ. 1907ರಲ್ಲಿ ಮುಂಬಯಿಯಲ್ಲಿ ಇಂಡಿಯನ್ ಮರ್ಕೆಂಟೈಲ್ ಬಂತು. 1919ರಲ್ಲಿ ದೊರಾಬ್ಜಿ ಟಾಟಾ ನ್ಯೂ ಇಂಡಿಯಾ ಕಟ್ಟಿದರು. 1938ರಲ್ಲಿ ಮದರಾಸಿನಲ್ಲಿ ಯುನೈಟೆಡ್ ಇಂಡಿಯಾ ಬಂತು. ಹೆಸರುಗಳಲ್ಲೇ ಗೊತ್ತಾಗುತ್ತದೆ, ಇವೆಲ್ಲ ಬಂದರು ಪಟ್ಟಣಗಳ ವ್ಯಾಪಾರದ ಸುತ್ತ ಹುಟ್ಟಿದವು. ಹತ್ತಿಯ ಮೂಟೆ, ಸೆಣಬು, ಗೋದಾಮು, ಹಡಗು ಅವರ ಗಿರಾಕಿಗಳು. ಹಳ್ಳಿಯ ತೊಟ್ಟಿಮನೆಗೆ ಅಲ್ಲಿ ಜಾಗವಿರಲಿಲ್ಲ. ಪಾಲಿಸಿಯ ಪದಗಳು ಮಾತ್ರ ಲಂಡನ್ನಿನಿಂದ ಹಾಗೇ ಹಡಗು ಹತ್ತಿ ಬಂದವು. ಮೂವತ್ತು ದಿನವೂ ಅದರೊಂದಿಗೇ ಬಂತು.

ಮುಂಬಯಿಯ ಕೇಳುಗರಿಗೆ 1944ರ ಏಪ್ರಿಲ್ 14ರ ನೆನಪು ಹಿರಿಯರ ಬಾಯಿಂದ ಬಂದಿರಬಹುದು. ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದಾಗ ಮದ್ದುಗುಂಡಿನ ಜೊತೆ ಉರಿಯುವ ಹತ್ತಿಯೂ ಊರಿನ ಮೇಲೆ ಬಿತ್ತು. ಸಾವಿರಾರು ಜನ ಮನೆಮಠ ಕಳೆದುಕೊಂಡರು. ಮನೆಯ ವಿಮೆ ಎಂಬುದನ್ನೇ ಕೇಳದ ಜನ ಅವರಲ್ಲಿ ಎಷ್ಟೋ. ಯುದ್ಧಕಾಲದ ಆ ಸ್ಫೋಟದ ನಷ್ಟಕ್ಕೆ ಕೊನೆಗೆ ಸರ್ಕಾರವೇ ಸುಗ್ರೀವಾಜ್ಞೆ ಹೊರಡಿಸಿ ಪರಿಹಾರ ಕೊಡಬೇಕಾಯಿತು. ದೊಡ್ಡ ಅನಾಹುತವಾದರೆ ಸರ್ಕಾರ ಕೊಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇಂದಿಗೂ ಗಟ್ಟಿಯಾಗಿ ಇದೆ. ಆದರೆ ಸರ್ಕಾರದ ಪರಿಹಾರ ಲೆಕ್ಕ ಹಾಕುವುದು ಇರಲು ನೆಲೆಯಿಲ್ಲದವರನ್ನು. ಹೊರಊರಿನಲ್ಲಿ ಫ್ಲ್ಯಾಟು ಇಟ್ಟುಕೊಂಡು ಊರಲ್ಲಿ ಮನೆಗೆ ಬೀಗ ಹಾಕಿದವರ ಹೆಸರು ಆ ಪಟ್ಟಿಯಲ್ಲಿ ಮೇಲೆ ಬರುವುದಿಲ್ಲ, ಬರಬೇಕೆಂದು ಕೇಳುವುದೂ ಸರಿಯಲ್ಲ.

1971ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಸಾಮಾನ್ಯ ವಿಮಾ ಕಂಪನಿಗಳ ಆಡಳಿತ ವಹಿಸಿಕೊಂಡಿತು. 1973ರ ಜನವರಿ 1ರಿಂದ 107 ಕಂಪನಿಗಳು ನಾಲ್ಕಾದವು. ಕಲ್ಕತ್ತಕ್ಕೆ ನ್ಯಾಷನಲ್, ಮುಂಬಯಿಗೆ ನ್ಯೂ ಇಂಡಿಯಾ, ದೆಹಲಿಗೆ ಓರಿಯಂಟಲ್, ಮದರಾಸಿಗೆ ಯುನೈಟೆಡ್ ಇಂಡಿಯಾ. ಈ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು ನಮ್ಮ ಕೇಳುಗರಲ್ಲೂ ಇದ್ದೀರಿ, ತಪ್ಪು ಕಂಡರೆ ತಿದ್ದಿ. ದರವೂ ಒಂದೇ, ಪಾಲಿಸಿಯ ಪದಗಳೂ ಒಂದೇ. ಖಾಸಗಿ ಕಂಪನಿಗಳು ಮತ್ತೆ ಬಂದ ಮೇಲೂ 2007ರ ಜನವರಿ 1ರವರೆಗೆ ಬೆಂಕಿ ವಿಮೆಯ ದರ ದೇಶಕ್ಕೆಲ್ಲ ಒಂದೇ ಪಟ್ಟಿಯದು. ಅದಾದ ಮೇಲೆ ದರ ಬಿಡುಗಡೆಯಾಯಿತು, ಪದಗಳು ಬೇಗ ಬದಲಾಗಲಿಲ್ಲ.

ಮನೆ ವಿಮೆ ನಮ್ಮಲ್ಲಿ ಜನರಿಗೆ ತಲುಪಿದ್ದೇ ಹಿಂಬಾಗಿಲಿನಿಂದ, ಅಂದರೆ ಬ್ಯಾಂಕಿನ ಸಾಲದ ಜೊತೆಗೆ. ಸಾಲ ಕೊಟ್ಟವರು ತಮ್ಮ ಹಣದ ಭದ್ರತೆಗೆ ವಿಮೆ ಮಾಡಿಸಿ ಎನ್ನುತ್ತಾರೆ. ಹಾಗಾಗಿ ನಿಮ್ಮ ಥಾಣೆಯ ಫ್ಲ್ಯಾಟಿಗೋ ಮಿಯಾಪುರದ ಫ್ಲ್ಯಾಟಿಗೋ ವಿಮೆ ಇದ್ದಿರಬಹುದು, ನಿಮಗೇ ಗೊತ್ತಿಲ್ಲದೆ! ಊರಿನ ಮನೆಗೆ ಸಾಲವಿಲ್ಲ. ಅಜ್ಜ ಕಟ್ಟಿಸಿದ್ದು, ಅಪ್ಪ ಗಾರೆ ಹಾಕಿಸಿದ್ದು. ಯಾವ ಬ್ಯಾಂಕೂ ಕೇಳುವುದಿಲ್ಲ, ಆದ್ದರಿಂದ ಯಾರೂ ಮಾಡಿಸುವುದಿಲ್ಲ.

ಮಾಡಿಸಲು ಹೊರಟರೂ ಬಾಗಿಲಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ: ಮನೆ ಯಾರದ್ದು? ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದೆ. ಅಜ್ಜ ತೀರಿಕೊಂಡು ಮೂವತ್ತು ವರ್ಷ. ದೊಡ್ಡಪ್ಪನ ಮಕ್ಕಳು ಬೆಂಗಳೂರಿನಲ್ಲಿ, ಅತ್ತೆ ಶಿವಮೊಗ್ಗದಲ್ಲಿ, ನೀವು ಚೆನ್ನೈಯಲ್ಲಿ. ತುಳುನಾಡಿನ ಕಡೆ ಅಳಿಯಸಂತಾನದ ಕುಟುಂಬದ ಮನೆಯಾದರೆ ಪಾಲುದಾರರ ಪಟ್ಟಿ ಇನ್ನೂ ಉದ್ದ. 1774ರ ಆ ಹಳೆಯ ತತ್ವ ಇಲ್ಲಿ ಎದ್ದು ನಿಲ್ಲುತ್ತದೆ. ಯಾರ ಹಿತಾಸಕ್ತಿಗೆ ವಿಮೆ? ಪಾಲು ಇರುವವರಿಗೆ ಹಿತಾಸಕ್ತಿ ಇದ್ದೇ ಇದೆ, ಅದರಲ್ಲಿ ಸಂಶಯವಿಲ್ಲ. ಆದರೆ ನಷ್ಟವಾದ ದಿನ ಕಾಗದ ತೋರಿಸಬೇಕಾದವರು ನೀವು. ಒಬ್ಬರ ಹೆಸರಿನಲ್ಲಿ ಪಾಲಿಸಿ ಮಾಡಿಸಿ ಉಳಿದವರ ಒಪ್ಪಿಗೆ ಪತ್ರ ಇಟ್ಟುಕೊಳ್ಳುವುದೋ, ಎಲ್ಲರ ಹೆಸರು ಸೇರಿಸುವುದೋ ಎಂದು ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ. ಮರ ಬಿದ್ದ ಮೇಲೆ ವಂಶವೃಕ್ಷ ಬರೆಯಲು ಕೂರುವುದು ಬಹಳ ಕಷ್ಟ.

ಇನ್ನೊಂದು ಗಂಟು ಬೆಲೆಯದು. ಜಮೀನಿನ ಬೆಲೆಗೆ ವಿಮೆ ಇಲ್ಲ, ಕಟ್ಟಡಕ್ಕೆ ಮಾತ್ರ. ಹಳೆಯ ಬೆಂಕಿ ಪಾಲಿಸಿಯಲ್ಲಿ ಸರಾಸರಿ ಷರತ್ತು ಎಂಬುದೊಂದು ಇತ್ತು. ಇಪ್ಪತ್ತು ಲಕ್ಷ ಬಾಳುವ ಮನೆಗೆ ಹತ್ತು ಲಕ್ಷಕ್ಕೆ ವಿಮೆ ಮಾಡಿಸಿ, ನಾಲ್ಕು ಲಕ್ಷದ ನಷ್ಟವಾದರೆ ಸಿಗುತ್ತಿದ್ದದ್ದು ಎರಡು ಲಕ್ಷ, ಉಳಿದರ್ಧಕ್ಕೆ ನೀವೇ ಹೊಣೆ. ಪ್ರೀಮಿಯಂ ಉಳಿಸಲು ಕಡಿಮೆ ಬೆಲೆ ಬರೆಸಿದ ಎಷ್ಟೋ ಜನ ಇದರಲ್ಲಿ ಕೈಸುಟ್ಟುಕೊಂಡರು. ಗೆದ್ದಲು, ಸೋರಿಕೆ, ಹಳೆಯದಾಗಿ ಕುಸಿಯುವುದು ಇವಕ್ಕೆ ಅಂದೂ ವಿಮೆ ಇರಲಿಲ್ಲ, ಇಂದೂ ಇಲ್ಲ. ಬೀಗ ಹಾಕಿದ ಮನೆಯನ್ನು ನಿಜವಾಗಿ ತಿನ್ನುವುದು ಇವೇ ಎಂಬುದು ಬೇರೆ ಮಾತು.

2021ರ ಏಪ್ರಿಲ್ 1ರಿಂದ ದೊಡ್ಡ ಬದಲಾವಣೆ ಬಂತು. ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಮನೆ ಪಾಲಿಸಿಯನ್ನು ಬೆಂಕಿ ವಿಮೆ ಮಾಡುವ ಕಂಪನಿಗಳೆಲ್ಲ ಕೊಡಲೇಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿತು. ಬೆಂಕಿ, ಬಿರುಗಾಳಿ, ನೆರೆ, ಭೂಕುಸಿತ ಎಲ್ಲ ಅದರಲ್ಲಿ ಸೇರಿವೆ. ಹಿಂದಿನ ಪಾಲಿಸಿಯಲ್ಲಿ ಪ್ರತ್ಯೇಕ ಹಣ ಕೊಟ್ಟು ಸೇರಿಸಿಕೊಳ್ಳಬೇಕಿದ್ದ ಭೂಕಂಪವೂ ಒಳಗೇ ಇದೆ. ಮನೆಯ ಸಾಮಾನಿಗೆ ಕಟ್ಟಡದ ಮೊತ್ತದ ನೂರಕ್ಕೆ ಇಪ್ಪತ್ತರಷ್ಟು, ಹೆಚ್ಚೆಂದರೆ ಹತ್ತು ಲಕ್ಷ ರೂಪಾಯಿವರೆಗೆ, ತಾನಾಗಿಯೇ ರಕ್ಷಣೆ ಸಿಗುತ್ತದೆ. ಹತ್ತು ವರ್ಷದವರೆಗೂ ಒಟ್ಟಿಗೆ ಮಾಡಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಾನು ಮೇಲೆ ಹೇಳಿದ ಸರಾಸರಿ ಷರತ್ತನ್ನು ತೆಗೆದುಹಾಕಿದರು. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದ್ದನ್ನು, 2009ರಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಗಳು ಮಳೆಗೆ ಕರಗಿದ್ದನ್ನು ಕಂಡವರಿಗೆ ಭೂಕುಸಿತ, ನೆರೆ ಎಂಬ ಪದಗಳ ತೂಕ ಗೊತ್ತು.

ಹಾಗೆಂದು ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಇದರಲ್ಲಿ ಕಳ್ಳತನಕ್ಕೆ ರಕ್ಷಣೆ ಇರುವುದು ಬೆಂಕಿ, ನೆರೆಯಂಥ ಅನಾಹುತವಾದ ಏಳು ದಿನದ ಒಳಗೆ, ಅದರಿಂದಾಗಿ ಆದ ಕಳ್ಳತನಕ್ಕೆ ಮಾತ್ರ. ಬೀಗ ಒಡೆದು ಹಿತ್ತಾಳೆ ಹಂಡೆ ಹೊತ್ತೊಯ್ದರೆ ಅದಕ್ಕೆ ಬೇರೆ ವಿಮೆ ಬೇಕು. ಅಂಥ ವಿಮೆಯಲ್ಲಿ ಮನೆ ಎಷ್ಟು ದಿನ ಮುಚ್ಚಿರಬಹುದು ಎಂಬ ಲೆಕ್ಕ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಊರಿನ ಮನೆಯನ್ನು ಹೋಂಸ್ಟೇ ಮಾಡಿದ್ದರೆ ಅದು ವ್ಯಾಪಾರ; ವಾಸದ ಮನೆಯ ಪಾಲಿಸಿ ಅದಕ್ಕೆ ಸಾಲದು. ಲೋಣಾವಳದಲ್ಲೋ ಮಹಾಬಲೇಶ್ವರದಲ್ಲೋ ಶನಿವಾರ ಭಾನುವಾರಕ್ಕೆಂದು ಮನೆ ಕೊಂಡವರಿಗೂ ಇದೇ ಮಾತು. ನಿಮ್ಮ ಕೈಯಲ್ಲಿರುವುದು ಯಾವ ಪಾಲಿಸಿಯೇ ಆಗಲಿ, ವಾಸವಿಲ್ಲದ ದಿನಗಳ ಬಗ್ಗೆ ಅದರಲ್ಲಿ ಏನಿದೆ ಎಂದು ಹುಡುಕಿ ಓದಿ. ಏಜೆಂಟರು "ಏನೂ ತೊಂದರೆಯಿಲ್ಲ ಸಾರ್" ಎಂದರೆ, ಅದನ್ನೇ ಕಂಪನಿಯಿಂದ ಬರವಣಿಗೆಯಲ್ಲಿ ತರಿಸಿಕೊಡಿ ಎನ್ನಿ.

ಇಷ್ಟೆಲ್ಲ ಹುಡುಕಿದ ಮೇಲೆ ನಾವು ಚಿಕ್ಕಪ್ಪನ ಹಳೆಯ ಪಾಲಿಸಿಯನ್ನು ಮತ್ತೊಮ್ಮೆ ತೆಗೆದು ಓದಿದೆವು. ಆ ಮೂವತ್ತು ದಿನದ ಷರತ್ತಿಗೆ ಮುಂಚೆ ಅರ್ಧ ವಾಕ್ಯ ಇತ್ತು. ಕಾಗದ ಬಂದ ದಿನ ಸಿಟ್ಟಿನಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ನಷ್ಟವಾಗುವ ಮೊದಲೇ ಕಂಪನಿಯ ಒಪ್ಪಿಗೆಯನ್ನು ಪಾಲಿಸಿಯ ಮೇಲೆ ಬರೆಸಿಕೊಂಡಿದ್ದರೆ ಈ ಷರತ್ತು ಅನ್ವಯಿಸದು ಎಂದು ಅದು ಹೇಳುತ್ತಿತ್ತು. ನ್ಯೂಯಾರ್ಕಿನ ಬೇಸಿಗೆಮನೆಯವರು ಅಂಟಿಸಿಕೊಳ್ಳುತ್ತಿದ್ದ ಅದೇ ಒಂದು ಸಾಲು. ಐದು ವರ್ಷ ಪ್ರೀಮಿಯಂ ತೆಗೆದುಕೊಂಡವರು ಯಾರೂ, ಡೊಂಬಿವಲಿಯ ವಿಳಾಸ ಬರೆದ ಈ ಮನುಷ್ಯನಿಗೆ ತೀರ್ಥಹಳ್ಳಿಯ ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿರಲಿಲ್ಲ. ಇವರೂ ಹೇಳಿರಲಿಲ್ಲ.

ಅಡುಗೆಮನೆಯ ಮಾಡನ್ನು ಚಿಕ್ಕಪ್ಪ ತಮ್ಮ ಭವಿಷ್ಯನಿಧಿಯ ಹಣದಲ್ಲೇ ಕಟ್ಟಿಸಿದರು. ಬಿದ್ದ ಮಾವಿನ ಮರದಿಂದಲೇ ಎರಡು ಬೆಂಚು ಮಾಡಿಸಿ ಜಗಲಿಗೆ ಹಾಕಿಸಿದರು. ಮುಂದಿನ ವರ್ಷ ಬೇರೊಂದು ಕಂಪನಿಗೆ ಹೋಗಿ, ಅರ್ಜಿಯ ಜೊತೆಗೆ ತಾವೇ ಒಂದು ಪತ್ರ ಬರೆದರು. ಈ ಮನೆ ವರ್ಷದಲ್ಲಿ ಹತ್ತು ತಿಂಗಳು ಬೀಗ ಹಾಕಿರುತ್ತದೆ, ಕರೆಂಟಿನ ಮೇನ್ ಸ್ವಿಚ್ ಆಫ್ ಇರುತ್ತದೆ, ಪಕ್ಕದ ಮನೆಯವರು ವಾರಕ್ಕೊಮ್ಮೆ ಒಳಗೆ ಬಂದು ನೋಡುತ್ತಾರೆ, ಮಾಡಿನ ಹತ್ತಿರ ಈಗ ಯಾವ ಮರವೂ ಇಲ್ಲ. ಪ್ರೀಮಿಯಂ ಸ್ವಲ್ಪ ಹೆಚ್ಚಾಯಿತು. ಪಾಲಿಸಿಯ ಜೊತೆಗೆ ಎರಡು ಸಾಲು ಟೈಪು ಮಾಡಿ ಮೊಹರು ಒತ್ತಿದ ಚೀಟಿಯೊಂದು ಬಂತು. ಪ್ರತಿ ವರ್ಷ ನವೀಕರಿಸುವಾಗಲೂ ಆ ಎರಡು ಸಾಲು ಇದೆಯೇ ಎಂದು ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ನೋಡುತ್ತಾರೆ. ಆ ಚೀಟಿ, ಊರಿನ ಮನೆಯ ಬೀಗದಕೈ ಎರಡೂ ಡೊಂಬಿವಲಿಯ ಕಪಾಟಿನಲ್ಲಿ ಒಂದೇ ಬಿಸ್ಕತ್ತಿನ ಡಬ್ಬಿಯಲ್ಲಿವೆ.